ಪಿರಮಿಡ್ ಕಲ್ಲು ಎಳೆದದ್ದು ಹೇಗೆ? ಎಳೆಬಂಡಿ ಮಾಡಿ, ಎಳೆದು, ಅಳೆದು ನೋಡಿದ್ದು

ಪಿರಮಿಡ್ ಮಾತು ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಅಷ್ಟು ದೊಡ್ಡ ಕಲ್ಲನ್ನು ಅಷ್ಟು ಎತ್ತರಕ್ಕೆ ಹೇಗೆ ಎತ್ತಿದರು? ಈಜಿಪ್ಟಿನ ಗೀಜಾದಲ್ಲಿ ಖುಫು ಅನ್ನುವ ರಾಜನ ಪಿರಮಿಡ್ ಕಟ್ಟಿದಾಗ ಅದರ ಎತ್ತರ ಸುಮಾರು 146 ಮೀಟರ್. ಕಾಲ ಕ್ರಿ.ಪೂ. 2560ರ ಆಸುಪಾಸು. ಅದರಲ್ಲಿ ಸುಮಾರು 23 ಲಕ್ಷ ಕಲ್ಲುಗಳಿವೆ, ಒಂದೊಂದು ಸರಾಸರಿ ಎರಡೂವರೆ ಟನ್ ತೂಗುತ್ತದೆ ಅನ್ನೋದು ಎಲ್ಲರೂ ಬಳಸುವ ಅಂದಾಜು. ಕಬ್ಬಿಣದ ಹಾರೆ ಇಲ್ಲ, ರಾಟೆ ಇಲ್ಲ. ಪ್ರಶ್ನೆ ಏಳೋದು ಸಹಜ.

ಆದರೆ ಅಲ್ಲಿ ಎತ್ತುವ ಕೆಲಸಕ್ಕಿಂತ ಎಳೆಯುವ ಕೆಲಸವೇ ಜಾಸ್ತಿ. ಗಣಿಯಿಂದ ಕಟ್ಟಡದ ಬುಡಕ್ಕೆ ಎಳೆಯಬೇಕು, ಬುಡದಿಂದ ಏರು ದಾರಿಯಲ್ಲಿ ಮೇಲಕ್ಕೆ ಎಳೆಯಬೇಕು. ಹಾಗಾದರೆ ದಾರಿ ಹೇಗಿತ್ತು ಅನ್ನೋದರ ಮೇಲೆಯೇ ಎಲ್ಲ ನಿಂತಿದೆ, ಅಲ್ವಾ? ಅದನ್ನು ಓದಿ ತಿಳಿಯೋದಕ್ಕಿಂತ ತೋಳಿಗೆ ಗೊತ್ತಾಗೋ ಹಾಗೆ ನೋಡಬೇಕು ಅನ್ನಿಸಿತು. ಮನೆ ಹಿಂದಿನ ಖಾಲಿ ಜಾಗದಲ್ಲಿ ಸಣ್ಣ ಅಳತೆಯಲ್ಲಿ ಎಲ್ಲ ಮಾಡಿದೆ. ಮಾಡಿದ್ದು, ಅಳೆದದ್ದು, ಅದರಿಂದ ನನಗೆ ಹೊಳೆದದ್ದು ಇಲ್ಲಿದೆ.

ಎಳೆಬಂಡಿ

ಈಜಿಪ್ಟಿನ ದಹಶೂರ್‌ನಲ್ಲಿ ಹಳೆಯ ಕಾಲದ ನಿಜವಾದ ಎಳೆಬಂಡಿಯೇ ಸಿಕ್ಕಿದೆ. ಸುಮಾರು 4.2 ಮೀಟರ್ ಉದ್ದ. ಚಕ್ರ ಇಲ್ಲ. ಎರಡು ಉದ್ದನೆಯ ದಪ್ಪ ಮರ, ಮುಂದಿನ ತುದಿ ಮೇಲಕ್ಕೆ ಬಾಗಿರುತ್ತದೆ, ನಡುವೆ ಅಡ್ಡಪಟ್ಟಿಗಳು. ಅಷ್ಟೇ.

ನನ್ನದು ಮೂರು ಅಡಿ ಉದ್ದ. ಅಡಿಯ ಎರಡು ಮರಕ್ಕೆ ಕರಿಜಾಲಿ ಹುಡುಕಿದೆ. ನೈಲ್ ತೀರದ ಜಾಲಿ ಈಜಿಪ್ಟಿನವರಿಗೆ ದೋಣಿಗೂ ಮರಗೆಲಸಕ್ಕೂ ಆಧಾರ. ಅದೇ ಜಾತಿಯ ಮರ ನಮ್ಮ ಬಯಲುಸೀಮೆಯ ಕೆರೆ ಅಂಗಳದಲ್ಲಿ ಬೆಳೆಯುತ್ತದೆ, ಹಿಂದೆ ನೇಗಿಲಿಗೂ ಗಾಡಿಗೂ ಅದೇ ಬೇಕಿತ್ತು. ಗಟ್ಟಿ ಮರ, ಸವೆಯೋದಿಲ್ಲ. ಎರಡು ಇಂಚು ಅಗಲ, ಮೂರು ಇಂಚು ಎತ್ತರಕ್ಕೆ ಕೊಯ್ಸಿದೆ. ಮುಂದಿನ ತುದಿಯ ಅಡಿಭಾಗವನ್ನು ಬಾಚಿಯಿಂದ ಕೆತ್ತಿ ಓರೆ ಮಾಡಿದ್ದಾಯಿತು.

ಅಡ್ಡಪಟ್ಟಿ ಜೋಡಿಸಲು ನಾನು ಸ್ಕ್ರೂ ತೆಗೆದಾಗ ಬಡಗಿ ಬೇಡ ಅಂದರು. "ಕಿಂಡಿ ಕೊರೆದು ಬೆಣೆ ಹೊಡೆಯೋಣ ಸಾರ್. ಎಳೆದಷ್ಟೂ ಬಿಗಿಯಾಗ್ತದೆ." ದಹಶೂರ್‌ನ ಬಂಡಿಯಲ್ಲೂ ಅಡ್ಡಪಟ್ಟಿಯ ತುದಿ ಹೀಗೆಯೇ ಕಿಂಡಿಯೊಳಗೆ ಕೂತಿದೆ. ಮೂರು ಅಡ್ಡಪಟ್ಟಿ, ಆರು ಕಿಂಡಿ, ಒಂದೂ ಮೊಳೆ ಇಲ್ಲ.

ಭಾರಕ್ಕೆ ಎರಡು ಸೈಜುಗಲ್ಲು. ಒಂದೊಂದು ಸುಮಾರು 36 ಕೆಜಿ. ಬಂಡಿಯ ತೂಕವೂ ಸೇರಿ 80 ಕೆಜಿ ಆಯಿತು. ಎಳೆಯಲು ತೆಂಗಿನ ನಾರಿನ ಹಗ್ಗ. ಹಗ್ಗಕ್ಕೂ ಬಂಡಿಗೂ ನಡುವೆ ಮೂಟೆ ತೂಗುವ 50 ಕೆಜಿಯ ಕೊಕ್ಕೆ ತಕ್ಕಡಿ, ಡಿಜಿಟಲ್. ಎಳೆಯುವಾಗ ಎಷ್ಟು ಬಲ ಬೀಳುತ್ತಿದೆ ಅಂತ ಅದೇ ತೋರಿಸುತ್ತದೆ. ಪಕ್ಕದಲ್ಲಿ ಒಬ್ಬರು ಫೋನ್ ಹಿಡಿದು ತಕ್ಕಡಿಯ ವಿಡಿಯೋ ತೆಗೆದರೆ ಆಮೇಲೆ ಓದಿಕೊಳ್ಳಬಹುದು. ಎಳೆಯುವವನ ಕಣ್ಣಿಗೆ ಅಂಕಿ ನಿಲ್ಲೋದಿಲ್ಲ.

ಒಣ ಮರಳು, ಒದ್ದೆ ಮರಳು

ಇಟ್ಟಿಗೆ ಅಂಚು ಕಟ್ಟಿ ಹತ್ತು ಅಡಿ ಉದ್ದ, ಎರಡಡಿ ಅಗಲದ ಹಾಸು ಮಾಡಿದೆ. ಜರಡಿ ಹಿಡಿದ ಪ್ಲಾಸ್ಟರ್ ಮರಳನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಎರಡು ಇಂಚು ದಪ್ಪಕ್ಕೆ ಹರಡಿದೆ.

ಒಣ ಮರಳಿನ ಮೇಲೆ ತಕ್ಕಡಿ 43ರಿಂದ 46 ಕೆಜಿ ತೋರಿಸಿತು. ಅಂದರೆ ತೂಕದ ಅರ್ಧಕ್ಕಿಂತ ಜಾಸ್ತಿ. ಆದರೆ ಅಂಕಿಗಿಂತ ಕಣ್ಣಿಗೆ ಕಂಡದ್ದೇ ಮುಖ್ಯ. ಬಂಡಿ ಒಂದು ಗೇಣು ಸರಿಯುವಷ್ಟರಲ್ಲಿ ಅಡಿಮರದ ಮೂತಿಯ ಮುಂದೆ ಮರಳು ಗುಡ್ಡೆ ಆಗುತ್ತದೆ. ಎಳೆದಷ್ಟೂ ಗುಡ್ಡೆ ಬೆಳೆಯುತ್ತದೆ. ಬಂಡಿ ಮರಳಿನ ಮೇಲೆ ಜಾರುತ್ತಿಲ್ಲ, ಮರಳನ್ನು ಉಳುತ್ತಿದೆ.

ಆಮೇಲೆ ನೀರು. ಇಲ್ಲಿ ಅಳತೆ ಮುಖ್ಯ. ನೂರು ಕೆಜಿ ಒಣ ಮರಳಿಗೆ ಮೂರರಿಂದ ನಾಲ್ಕು ಲೀಟರ್ ಹಾಕಿ, ಗುದ್ದಲಿಯಲ್ಲಿ ಚೆನ್ನಾಗಿ ಕಲೆಸಿ, ಮತ್ತೆ ಹರಡಿ, ಮಣೆಯಲ್ಲಿ ತಟ್ಟಿದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಹಿಂಡಿದರೆ ನೀರು ಬರಬಾರದು. ಅದು ಹದ.

ಈಗ ಎಳೆದರೆ 25 ಕೆಜಿ! ಮುಂದೆ ಗುಡ್ಡೆಯೇ ಇಲ್ಲ. ಬಂಡಿ ಹೋದ ಜಾಗದಲ್ಲಿ ಎರಡು ನುಣುಪಾದ ಗೆರೆ ಮಾತ್ರ, ಆಳ ಒಂದೆರಡು ಮಿಲಿಮೀಟರ್ ಇದ್ದಿರಬಹುದು. ಅದೇ ಕಲ್ಲು, ಅದೇ ಬಂಡಿ, ಅದೇ ಹಗ್ಗ.

ಇನ್ನೂ ನೀರು ಹಾಕಿದರೆ ಇನ್ನೂ ಸಲೀಸಾಗುತ್ತದೆ ಅಂತ ಅನ್ನಿಸುತ್ತದೆ, ಆದರೆ ಹಾಗಾಗೋದಿಲ್ಲ. ಹತ್ತು ಲೀಟರ್ ದಾಟಿದ ಮೇಲೆ ಅಡಿಮರ ಹೂತುಕೊಳ್ಳಲು ಶುರುವಾಗಿ ಅಂಕಿ 36ಕ್ಕೆ ಏರಿತು.

ಇದರ ಹಿಂದಿನ ಕಾರಣವನ್ನು ಆಮ್ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2014ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಸ್ವಲ್ಪವೇ ನೀರು ಇದ್ದಾಗ ಮರಳಿನ ಕಣಕ್ಕೂ ಕಣಕ್ಕೂ ನಡುವೆ ನೀರಿನ ಸಣ್ಣ ಸೇತುವೆ ಹುಟ್ಟುತ್ತದೆ. ಅದು ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ, ಹಾಸು ಗಟ್ಟಿಯಾಗುತ್ತದೆ. ನೀರು ಹೆಚ್ಚಾದರೆ ಸೇತುವೆಗಳೆಲ್ಲ ಕೂಡಿಕೊಂಡು ಹಿಡಿತ ಹೋಗುತ್ತದೆ. ಅವರಿಗೆ ಸಿಕ್ಕ ಹದ ಶೇಕಡಾ 2ರಿಂದ 5ರಷ್ಟು ನೀರು. ಹದ ಸರಿ ಇದ್ದರೆ ಎಳೆಯುವ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ ಅಂತ ಅವರು ಕಂಡುಕೊಂಡರು. ನನ್ನ ಹಿತ್ತಿಲಲ್ಲೂ ಅದೇ ಆಯಿತು.

ಗೋಡೆಯ ಮೇಲಿನ ಆ ಚಿತ್ರ

ಈ ನೀರಿನ ವಿಚಾರ ಎಲ್ಲಿಂದ ಬಂತು? ದೇರ್ ಎಲ್-ಬರ್ಶಾದಲ್ಲಿ ಜೆಹುತಿಹೋತೆಪ್ ಅನ್ನುವ ಅಧಿಕಾರಿಯ ಸಮಾಧಿ ಇದೆ. ಪಿರಮಿಡ್‌ಗಿಂತ ಆರೇಳು ನೂರು ವರ್ಷ ಆಮೇಲಿನದು. ಅದರ ಗೋಡೆಯ ಮೇಲೆ ದೈತ್ಯ ಮೂರ್ತಿಯೊಂದನ್ನು ಎಳೆಬಂಡಿಯಲ್ಲಿ ಕಟ್ಟಿ ಸಾಗಿಸುವ ಚಿತ್ರ. ನಾಲ್ಕು ಸಾಲಿನಲ್ಲಿ 172 ಜನ ಹಗ್ಗ ಹಿಡಿದಿದ್ದಾರೆ. ಬಂಡಿಯ ಮೂತಿಯ ಮೇಲೆ ನಿಂತ ಒಬ್ಬ ಮುಂದಿನ ನೆಲಕ್ಕೆ ಕೊಡದಿಂದ ನೀರು ಸುರಿಯುತ್ತಿದ್ದಾನೆ. ಬಹಳ ಕಾಲ ಇದನ್ನು ಪೂಜೆಯ ಭಾಗ ಅಂತಲೂ ಓದಿದ್ದುಂಟು. ಮೂರ್ತಿಯ ತೊಡೆಯ ಮೇಲೆ ಇನ್ನೊಬ್ಬ ನಿಂತು ಚಪ್ಪಾಳೆ ತಟ್ಟುತ್ತಿದ್ದಾನೆ. ಎಲ್ಲರೂ ಒಂದೇ ಹೊತ್ತಿಗೆ ಎಳೆಯಲಿ ಅಂತ ತಾಳ.

ಮೂರ್ತಿಯ ತೂಕ ಸುಮಾರು 58 ಟನ್ ಅಂತ ಅಂದಾಜು. ನನ್ನ ಒದ್ದೆ ಮರಳಿನ ಲೆಕ್ಕವನ್ನು ಅದಕ್ಕೆ ಹಾಕಿದೆ. ತೂಕದ ಶೇಕಡಾ 31ರಷ್ಟು ಬಲ ಬೇಕು. 58 ಟನ್‌ಗೆ ಸುಮಾರು 18 ಟನ್. 172 ಜನಕ್ಕೆ ಹಂಚಿದರೆ ತಲೆಗೆ ನೂರು ಕೆಜಿ ದಾಟುತ್ತದೆ. ಅಷ್ಟು ಎಳೆಯೋಕೆ ಆಗೋದಿಲ್ಲ. ಚಿತ್ರ ಬರೆದವನು ತಲೆ ಎಣಿಸಿ ಬರೆದಿದ್ದಾನೆ ಅಂತ ಹಟ ಹಿಡಿಯಬೇಕಿಲ್ಲ, ನಿಜ. ಆದರೂ ಆ ಅಂಕಿ ನನ್ನನ್ನು ಬಿಡಲಿಲ್ಲ. ದಾರಿ ಬರೀ ಒದ್ದೆ ಮರಳಿಗಿಂತ ನುಣುಪಾಗಿತ್ತು ಅಂತ ಇಟ್ಟುಕೊಂಡರೆ?

ಅದಕ್ಕೆ ಪುರಾವೆ ಇದೆ. ಈಜಿಪ್ಟಿನ ಲಿಶ್ತ್ ಅನ್ನುವ ಕಡೆ ಕಲ್ಲು ಎಳೆದ ದಾರಿಗಳೇ ಅಗೆತದಲ್ಲಿ ಸಿಕ್ಕಿವೆ. ಅಡ್ಡಡ್ಡ ಮರದ ದಿಮ್ಮಿ ಹಾಸಿ, ಸಂದಿಗೆ ಕಲ್ಲಿನ ಚೂರು ತುಂಬಿ, ಮೇಲೆ ಮಣ್ಣು ಮೆತ್ತಿದ ದಾರಿ. ಹಾಳಾದ ಹಡಗಿನ ಮರಗಳನ್ನೂ ಅಲ್ಲಿ ಹಾಸಿದ್ದಾರೆ.

ನೈಲ್‌ನ ಹೂಳಿಗೆ ಬದಲು ಕೆರೆ ಗೋಡು

ಹಾಸಿನ ಮರಳು ತೆಗೆದು, ಕೆಳಗೆ ಒಂದೂವರೆ ಅಡಿಗೆ ಒಂದರಂತೆ ಮರದ ತುಂಡು ಹೂತು, ಜಲ್ಲಿ ಪುಡಿ ತುಂಬಿ, ಮೇಲೆ ಕೆರೆ ಗೋಡು ಮೆತ್ತಿದೆ. ಗೋಡನ್ನು ಹಿಂದಿನ ರಾತ್ರಿಯೇ ನೆನೆಸಿ, ಬೆಳಗ್ಗೆ ತುಳಿದು, ಹುಲ್ಲುಕಡ್ಡಿ ಹರಳು ಎಲ್ಲ ಆರಿಸಿ ತೆಗೆದು ಬಳಿದೆ. ಸ್ವಲ್ಪ ಆರಿದ ಮೇಲೆ ಮೇಲ್ಮೈಗೆ ಮಾತ್ರ ನೀರು ಚಿಮುಕಿಸಿದೆ. ಕೆಳಗೆ ಗಟ್ಟಿ, ಮೇಲೆ ಕೂದಲೆಳೆಯಷ್ಟು ಲೋಳೆ. ಹಾಗಿರಬೇಕು.

ತಕ್ಕಡಿ 14 ಕೆಜಿ ತೋರಿಸಿತು. ಒಣ ಮರಳಿನ ಮೂರನೇ ಒಂದು ಪಾಲು! ಎಡಗೈಯೊಂದರಲ್ಲೇ ಎಳೆದೆ. ಮೂರ್ತಿಯ ಲೆಕ್ಕಕ್ಕೆ ಇದನ್ನು ಹಾಕಿದರೆ ತಲೆಗೆ 59 ಕೆಜಿ. ಆಗಲೂ ಭಾರವೇ, ಆದರೆ ತಾಳಕ್ಕೆ ಸರಿಯಾಗಿ ಒಂದೊಂದು ಎಳೆತ ಎಳೆದು ನಿಲ್ಲಿಸುವುದಾದರೆ ಆಗುವ ಮಾತು.

ಗೋಡಿಗೆ ಒಂದು ಗುಣ ಇದೆ. ಬಂಡಿ ಓಡುತ್ತಿರುವಾಗ 14. ನಿಲ್ಲಿಸಿ, ನೀರು ಕುಡಿದು ಬಂದು ಎಳೆದರೆ ಮೊದಲ ಜಗ್ಗಿಗೆ 30. ಲೋಳೆ ಹಿಂಡಿ ಹೋಗಿ ಮರಕ್ಕೆ ಮಣ್ಣು ಕಚ್ಚಿಕೊಳ್ಳುತ್ತದೆ. ಅಡಿಮರದ ಮುಂದೆ ಒಂದು ಚೊಂಬು ನೀರು ಬಿಟ್ಟು, ಹಿಂದಿನಿಂದ ಹಾರೆಯಲ್ಲಿ ಸ್ವಲ್ಪ ಮೀಟಿದರೆ ಬಿಟ್ಟುಕೊಳ್ಳುತ್ತದೆ. ಬಂಡಿಯ ಮೂತಿಯ ಮೇಲೆ ನೀರಿನವನು ಯಾಕೆ ಬಿಡದೆ ನಿಂತಿರಬೇಕು ಅಂತ ಆಗ ನನ್ನ ಕೈಗೇ ಅರ್ಥವಾಯಿತು. ನೀರು ಹಾಕುವುದು ಒಂದು ಸಲ ಮಾಡಿ ಮುಗಿಸುವ ಕೆಲಸ ಅಲ್ಲ. ಎಳೆಯುವಷ್ಟು ಹೊತ್ತೂ ಮಾಡಬೇಕಾದ ಕೆಲಸ. ಕಲ್ಲು ಎಳೆಯುವ ಪ್ರತಿ ಗುಂಪಿನ ಹಿಂದೆ ನೀರು ಹೊರುವವರು, ಮಣ್ಣು ಮೆತ್ತುವವರು, ಹಗ್ಗ ಹೊಸೆಯುವವರು ಇದ್ದಿರಲೇಬೇಕು. ಪಿರಮಿಡ್ ಬಗ್ಗೆ ಮಾತಾಡುವಾಗ ನಾವು ಅವರನ್ನು ಮರೆತೇಬಿಡುತ್ತೇವೆ, ಅದು ನನಗೆ ಬೇಸರದ ವಿಷಯ.

ಏರು ದಾರಿ ಮತ್ತು ಗೂಟ

2018ರಲ್ಲಿ ಹತ್ನುಬ್ ಅನ್ನುವ ಹಳೆಯ ಅಲಬಾಸ್ಟರ್ (ಮೆತ್ತನೆಯ ಬಿಳಿ ಕಲ್ಲು) ಗಣಿಯಲ್ಲಿ ಖುಫು ಕಾಲದ ಏರು ದಾರಿಯೊಂದು ಪತ್ತೆಯಾದ ಸುದ್ದಿ ಬಂತು. ಫ್ರೆಂಚ್ ಮತ್ತು ಬ್ರಿಟಿಷ್ ಸಂಶೋಧಕರ ತಂಡದ ಕೆಲಸ ಅದು. ನಡುವೆ ಏರು, ಎರಡೂ ಕಡೆ ಮೆಟ್ಟಿಲು, ಪಕ್ಕದಲ್ಲಿ ಗೂಟ ನೆಡುತ್ತಿದ್ದ ಗುಂಡಿಗಳು. ಇಳಿಜಾರು ಐದಕ್ಕೆ ಒಂದು, ಅದಕ್ಕಿಂತಲೂ ಕಡಿದು. ಗೂಟಕ್ಕೆ ಹಗ್ಗ ಸುತ್ತಿ ಎಳೆಯುತ್ತಿದ್ದಿರಬೇಕು ಅಂತ ಅವರ ವಿವರಣೆ.

ಎಂಟಡಿ ಹಲಗೆಯನ್ನು ಐದಕ್ಕೆ ಒಂದರ ಏರಿಗೆ ಕೂರಿಸಿ, ಗೋಡು ಬಳಿದು, ತುದಿಯಲ್ಲಿ ಜಾಲಿ ಗೂಟ ನೆಟ್ಟೆ. ಇಲ್ಲಿ ಒಂದೇ ಕಲ್ಲು, ಒಟ್ಟು 44 ಕೆಜಿ. ನೇರವಾಗಿ ಎಳೆದರೆ 16ರಿಂದ 17 ಕೆಜಿ. ಹಗ್ಗವನ್ನು ಗೂಟಕ್ಕೆ ಅರ್ಧ ಸುತ್ತು ಹಾಕಿ ಕೆಳಮುಖವಾಗಿ ಎಳೆದರೆ ಹತ್ತಿರ ಹತ್ತಿರ 40! ಗೂಟ ತಿರುಗೋದಿಲ್ಲ, ಹಗ್ಗ ಅದರ ಮೈಗೆ ಉಜ್ಜುತ್ತದೆ. ಬಲವೆಲ್ಲ ಅಲ್ಲೇ ಹೋಗುತ್ತದೆ. ಗೂಟವನ್ನು ಒದ್ದೆ ಮಾಡಿ ಎಣ್ಣೆ ಸವರಿದಾಗ ಕಡಿಮೆಯಾಯಿತು, ಆದರೂ ನೇರ ಎಳೆತದ ಹತ್ತಿರಕ್ಕೂ ಬರಲಿಲ್ಲ.

ಈಗ ಹಲಗೆಯನ್ನು ಇನ್ನೂ ಕಡಿದಾಗಿ, ಎರಡಕ್ಕೆ ಒಂದರ ಏರಿಗೆ ಎತ್ತಿದೆ. ಕೈಬಿಟ್ಟರೆ ಬಂಡಿ ಕೆಳಗೆ ಜಾರುತ್ತದೆ. ಹಗ್ಗವನ್ನು ಗೂಟಕ್ಕೆ ಒಂದೂವರೆ ಸುತ್ತು ಹಾಕಿದರೆ ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಬಹುದು. ಹಾಗಾಗಿ ನನ್ನ ಅಭಿಪ್ರಾಯ ಇದು: ಹತ್ನುಬ್‌ನ ಗೂಟಗಳ ದೊಡ್ಡ ಉಪಯೋಗ ಎಳೆಯೋದಕ್ಕಿಂತ ಹಿಡಿದು ನಿಲ್ಲಿಸೋದರಲ್ಲಿ ಇದೆ. ಜನ ಮೆಟ್ಟಿಲಿನ ಮೇಲೆ ಕಾಲೂರಿ ಎಳೆಯುತ್ತಾರೆ, ಸಡಿಲವಾದ ಹಗ್ಗವನ್ನು ಇನ್ನೊಬ್ಬ ಗೂಟಕ್ಕೆ ಬಿಗಿ ಮಾಡುತ್ತಾ ಹೋಗುತ್ತಾನೆ. ಎಳೆಯುವವರು ಉಸಿರು ತೆಗೆದುಕೊಳ್ಳಬಹುದು, ಕಲ್ಲು ವಾಪಸ್ ಜಾರಿ ಯಾರ ಕಾಲನ್ನೂ ಮುರಿಯೋದಿಲ್ಲ.

ಹಾಗಾದರೆ ಜನ ಎಷ್ಟು?

ಒಬ್ಬ ಮನುಷ್ಯ ಆಯಾಸ ಇಲ್ಲದೆ 30 ಕೆಜಿ ಬಲದಲ್ಲಿ ಎಳೆಯುತ್ತಾನೆ ಅಂತ ಇಟ್ಟುಕೊಂಡೆ. ಎರಡೂವರೆ ಟನ್ ಕಲ್ಲಿಗೆ ಸಮತಟ್ಟಾದ ಗೋಡಿನ ದಾರಿಯಲ್ಲಿ 15 ಜನ, ಒದ್ದೆ ಮರಳಿನಲ್ಲಿ 26 ಜನ ಸಾಕು. ಹತ್ತಕ್ಕೆ ಒಂದರ ಏರು ಇದ್ದರೆ ಕ್ರಮವಾಗಿ 23, 34.

ಖುಫು ಆಳಿದ 27ನೇ ವರ್ಷದ ಹೊತ್ತಿಗೂ ಸುಣ್ಣದಕಲ್ಲು ಸಾಗುತ್ತಿತ್ತು ಅನ್ನೋದಕ್ಕೆ ದಾಖಲೆ ಇದೆ. 2013ರಲ್ಲಿ ಕೆಂಪು ಸಮುದ್ರದ ದಡದ ವಾಡಿ ಅಲ್-ಜರ್ಫ್‌ನಲ್ಲಿ ಪಿಯೆರ್ ತಾಲೆ ಅವರ ತಂಡಕ್ಕೆ ಪಪೈರಸ್ ಹಾಳೆಗಳು ಸಿಕ್ಕವು. ಮೆರೆರ್ ಅನ್ನುವ ಮೇಲ್ವಿಚಾರಕ ಬರೆದಿಟ್ಟ ದಿನಚರಿ. ಟೂರಾ ಗಣಿಯಲ್ಲಿ ಕಲ್ಲು ತುಂಬಿದ್ದು, ದೋಣಿಯಲ್ಲಿ ಹೊರಟಿದ್ದು, ರಾತ್ರಿ ತಂಗಿದ್ದು, ಗೀಜಾ ತಲುಪಿದ್ದು, ಎಲ್ಲ ದಿನ ದಿನದ ಲೆಕ್ಕ. ಹತ್ತು ದಿನಕ್ಕೆ ಎರಡು ಮೂರು ಸಲ ಹೋಗಿ ಬರುತ್ತಿದ್ದರು. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಕೆಲಸದ ಡೈರಿ! ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

27 ವರ್ಷ, ದಿನವೂ ಕೆಲಸ ಅಂದರೆ ದಿನಕ್ಕೆ ಸುಮಾರು 233 ಕಲ್ಲು. ಬಹುಪಾಲು ಕಲ್ಲಿನ ಗಣಿ ಪಿರಮಿಡ್‌ನ ದಕ್ಷಿಣಕ್ಕೆ ಕೆಲವೇ ನೂರು ಮೀಟರ್ ದೂರದಲ್ಲಿದೆ. ಒಂದು ಗುಂಪು ದಿನಕ್ಕೆ ಎಂಟು ಕಲ್ಲು ಎಳೆದರೆ 30 ಗುಂಪು ಬೇಕು. ಗುಂಪಿಗೆ 34 ಅಂದರೆ ಸುಮಾರು ಸಾವಿರ ಜನ. ಏರು ದಾರಿಯ ನೂಕುನುಗ್ಗಲು, ಮೇಲ್ಗಡೆಯ ನಿಧಾನ, ತಿರುವು, ನೀರಿನವರು ಎಲ್ಲ ಸೇರಿಸಿ ಮೂರು ಪಟ್ಟು ಮಾಡಿದರೂ ಮೂರು ಸಾವಿರ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳಿದ ಲಕ್ಷ ಜನ ಬೇಕೇ ಇಲ್ಲ. ಗೀಜಾದ ಹತ್ತಿರ ಆ ಕೆಲಸಗಾರರ ಊರೇ ಅಗೆತದಲ್ಲಿ ಸಿಕ್ಕಿದೆ: ರೊಟ್ಟಿ ಸುಡುವ ಮನೆಗಳು, ರಾಶಿ ರಾಶಿ ದನ ಕುರಿಗಳ ಮೂಳೆ. ಅವರ ಸಮಾಧಿಗಳಲ್ಲಿ ಮುರಿದು ಮತ್ತೆ ಸರಿಯಾಗಿ ಕೂಡಿದ ಕೈಕಾಲಿನ ಮೂಳೆಗಳು ಸಿಕ್ಕಿವೆ. ಪೆಟ್ಟಾದವರಿಗೆ ಪಟ್ಟು ಕಟ್ಟಿ ನೋಡಿಕೊಂಡಿದ್ದಾರೆ. ಬೇರೆ ಲೋಕದವರು ಬಂದು ಕಟ್ಟಿದರು ಅನ್ನುವ ಮಾತು ಕೇಳಿದಾಗ ನನಗೆ ಕೋಪ ಬರೋದು ಈ ಜನರಿಗಾಗಿ.

ಮಟ್ಟ ನೋಡುವ ಎ ಚೌಕಟ್ಟು

ಖುಫು ಪಿರಮಿಡ್‌ನ ಬುಡ ಒಂದೊಂದು ಬದಿ 230 ಮೀಟರ್. ಅಷ್ಟು ಅಗಲಕ್ಕೂ ಮಟ್ಟದಲ್ಲಿ ವ್ಯತ್ಯಾಸ ಸುಮಾರು 2 ಸೆಂಟಿಮೀಟರ್ ಮಾತ್ರ. ಅವರ ಕೈಯಲ್ಲಿ ರಸಮಟ್ಟ ಇರಲಿಲ್ಲ. ಇದ್ದದ್ದು ತೂಗುಗುಂಡು ಕಟ್ಟಿದ ಮರದ ಎ ಚೌಕಟ್ಟು ಇರಬೇಕು. ಆಮೇಲಿನ ಕಾಲದ ಅಂಥದೊಂದು ಮಟ್ಟ ದೇರ್ ಎಲ್-ಮದೀನಾದ ಸೆನ್ನೆಜೆಮ್ ಅನ್ನುವ ಕುಶಲಕರ್ಮಿಯ ಸಮಾಧಿಯಲ್ಲಿ ಸಿಕ್ಕಿದೆ.

ಎರಡು ಕಾಲು, ಒಂದು ಅಡ್ಡಪಟ್ಟಿ, ನೆತ್ತಿಯಿಂದ ದಾರ, ಕೆಳಗೆ ಗುಂಡು. ಪಾದಗಳ ನಡುವೆ ಸರಿಯಾಗಿ ಒಂದು ಮೀಟರ್. ಗುರುತು ಹಾಕುವ ಕ್ರಮ ಹೀಗೆ. ಚೌಕಟ್ಟನ್ನು ಎರಡು ಗೂಟದ ಮೇಲೆ ನಿಲ್ಲಿಸಿ. ದಾರ ಅಡ್ಡಪಟ್ಟಿಯನ್ನು ಮುಟ್ಟುವ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಈಗ ಚೌಕಟ್ಟನ್ನು ತಿರುಗಿಸಿ, ಎಡಪಾದ ಇದ್ದಲ್ಲಿ ಬಲಪಾದ ಇಡಿ. ಮತ್ತೆ ಗೆರೆ. ಎರಡು ಗೆರೆಯ ನಟ್ಟನಡುವೆ ಮೂರನೆಯದು. ಅದೇ ನಿಜವಾದ ಮಟ್ಟ. ಕಾಲುಗಳ ಉದ್ದದಲ್ಲಿ ಹೆಚ್ಚುಕಡಿಮೆ ಇದ್ದರೂ ನಡುವಿನ ಗೆರೆ ಸುಳ್ಳು ಹೇಳೋದಿಲ್ಲ.

ಆದರೂ ಗೆರೆ ಓದುವಾಗ ಅರ್ಧ ಮಿಲಿಮೀಟರ್ ಆಚೀಚೆ ಆಗೇ ಆಗುತ್ತದೆ, ಪಾದದ ಹತ್ತಿರ ಅದು ಇನ್ನೂ ಸ್ವಲ್ಪ ಜಾಸ್ತಿ. ಚೌಕಟ್ಟನ್ನು ಪ್ರತಿ ಸಲ ಒಂದೇ ದಿಕ್ಕಿಗೆ ಮುಖ ಮಾಡಿ ಮುಂದಿಟ್ಟುಕೊಂಡು ಹೋದರೆ, ಗುರುತಿನಲ್ಲಿರುವ ಸಣ್ಣ ದೋಷ ಪ್ರತಿ ಹೆಜ್ಜೆಗೂ ಒಂದೇ ಕಡೆಗೆ ಕೂಡುತ್ತದೆ. 230 ಮೀಟರ್‌ಗೆ 15 ಸೆಂಟಿಮೀಟರ್ ದಾಟಬಹುದು. ಅದರ ಬದಲು ಮುಂದಿನ ಪಾದ ಊರಿ, ಹಿಂದಿನ ಪಾದವನ್ನು ಸುತ್ತಿಸಿ ಮುಂದೆ ಇಡುತ್ತಾ ಹೋಗಿ, ಕೈವಾರ ನಡೆಸಿದ ಹಾಗೆ. ಒಂದು ಹೆಜ್ಜೆಯಲ್ಲಿ ಮೇಲಕ್ಕೆ ಹೋದ ದೋಷ ಮುಂದಿನ ಹೆಜ್ಜೆಯಲ್ಲಿ ಕೆಳಕ್ಕೆ ಬರುತ್ತದೆ. ಉಳಿಯೋದು ಕಣ್ಣಿನ ಆಚೀಚೆ ಮಾತ್ರ. ಅದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಲೆಕ್ಕ ಹಾಕಿದರೆ 230 ಹೆಜ್ಜೆಗೂ ಸೆಂಟಿಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಅವರು ಹೀಗೆಯೇ ನಡೆಸಿದರು ಅಂತ ನಾನು ಹೇಳುತ್ತಿಲ್ಲ. ಆ 2 ಸೆಂಟಿಮೀಟರ್‌ಗೆ ಇಂಥ ಮರದ ಚೌಕಟ್ಟು, ದಾರ ಸಾಕು ಅನ್ನೋದು ಮಾತ್ರ ಖಚಿತ.

ಕಾಂಪೌಂಡ್ ಗೋಡೆಯುದ್ದಕ್ಕೂ 12 ಮೀಟರ್‌ಗೆ ಗೂಟ ಹೊಡೆದು ಹೀಗೆ ನಡೆಸಿದೆ. ಕೊನೆಯಲ್ಲಿ ಗಾರೆ ಮೇಸ್ತ್ರಿ ತಮ್ಮ ಟ್ಯೂಬ್ ಲೆವೆಲ್ ಹಿಡಿದು ನೋಡಿದರು. ಎರಡು ತುದಿಗೆ ವ್ಯತ್ಯಾಸ 2 ಮಿಲಿಮೀಟರ್. ಅವರು ಚೌಕಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೊಂದು ನಮಗೂ ಮಾಡ್ಕೊಡಿ" ಅಂದರು.

ಮುಂದಿನ ಕೆಲಸ ಪಿರಮಿಡ್‌ನ ಹೊರಮೈಗೆ ಕೂರಿಸುವ ಹೊದಿಕೆ ಕಲ್ಲಿನ ಓರೆ. ಈಜಿಪ್ಟಿನವರು ಇಳಿಜಾರನ್ನು ಅಳೆಯುತ್ತಿದ್ದ ರೀತಿ ಸರಳ: ಏಳು ಅಂಗೈ ಎತ್ತರಕ್ಕೆ ಎಷ್ಟು ಅಂಗೈ ಒಳಕ್ಕೆ ಸರಿಯಬೇಕು? ಖುಫು ಪಿರಮಿಡ್‌ಗೆ ಐದೂವರೆ. ಅಂಗೈಗೆ ಏಳೂವರೆ ಸೆಂಟಿಮೀಟರ್ ಹಿಡಿದು, 52.5 ಸೆಂಟಿಮೀಟರ್ ಎತ್ತರ, 41.25 ಸೆಂಟಿಮೀಟರ್ ಅಡಿಗೆ ಹಲಗೆಯ ತ್ರಿಕೋನ ಕೊಯ್ದಿಟ್ಟಿದ್ದೇನೆ. ಕೋನ ಸರಿಯಾಗಿ 51.8 ಡಿಗ್ರಿ ಬಂದಿದೆ. ತಾಮ್ರದ ಸರಳನ್ನು ತಣ್ಣಗಿರುವಾಗಲೇ ಬಡಿದು ಬಡಿದು ಗಡುಸು ಮಾಡಿ ಉಳಿ ಮಾಡಿದ್ದೂ ಆಯಿತು. ಮೆತ್ತನೆಯ ಸುಣ್ಣದಕಲ್ಲಿನ ಒಂದು ತುಂಡು ಸಿಕ್ಕಿದ ಕೂಡಲೇ ಕೆತ್ತಲು ಶುರು ಮಾಡುತ್ತೇನೆ.